ಮೋರಿಯ ಆಚೆ, ಈಚೆ

ಮಗಳು ನಿನ್ನೆ ಗಟ್ಟಿಯಾಗಿ ಓದುತ್ತಿದ್ದಳು: ರಷ್ಯಾ, ಬ್ರಿಟನ್ ಒಪ್ಪಂದ ಮಾಡಿಕೊಂಡು, ಪರ್ಷಿಯಾದಲ್ಲಿ ಉತ್ತರ ನಿನಗೆ, ಆಗ್ನೇಯ ನನಗೆ ಎಂದು ಹಂಚಿಕೊಂಡವು. ನನ್ನ ಮೂಗಿಗೆ ಬೂತಾಯಿ ಮೀನಿನ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ ಸಿದ್ಧಕಟ್ಟೆಯಲ್ಲಿ ಸೈಕಲ್ಲಿನಲ್ಲಿ ಮೀನು ಮಾರುತ್ತಿದ್ದ ಹಮೀದಾಕ, ಐತಪ್ಪಣ್ಣ ಗಿರಾಕಿಗಳಿಗಾಗಿ ಜಗಳಾಡಿ ಸುಸ್ತಾಗಿ ಕೊನೆಗೆ ರಾಜಿಯಾಗಿದ್ದರು. ರಸ್ತೆಯ ಮೋರಿಯಿಂದ ಆಚೆ ಹಮೀದಾಕ, ಈಚೆ ಐತಪ್ಪಣ್ಣ. ನಮ್ಮ ಮನೆ ಈಚೆ.

ಒಂದು ದಿನ ಅಜ್ಜಿ ಎಂದಿನಂತೆ ಮೀನಿನ ಕಿವಿರು ಎತ್ತಿ ನೋಡಿ, "ಇದು ನಿನ್ನೆಯದ್ದು" ಎಂದಳು.

"ಬೇಕಾದ್ರೆ ತಗೊಳ್ಳಿ ಅಜ್ಜಿ. ಇಲ್ಲಿಗೆ ಬೇರೆ ಯಾರೂ ಬರುವುದಿಲ್ಲ," ಎಂದ ಐತಪ್ಪಣ್ಣ.

"ಹಂಚಿಕೊಳ್ಳುವಾಗ ನಮ್ಮತ್ರ ಕೇಳಿದ್ರಾ ಮಾರಾಯ?"

ಮರುದಿನ ಆಚೆಯಿಂದ ಹಾರ್ನ್ ಕೇಳಿದ್ದೇ ಅಜ್ಜಿ ಪಾತ್ರೆ ಹಿಡಿದು ಮೋರಿ ದಾಟಿದಳು. ಹಿಂದಿನಿಂದ ಈಚೆಯ ಹೆಂಗಸರೆಲ್ಲ ಹೋದರು. ರಾಜಿ ಅಲ್ಲಿಗೆ ಮುಗಿಯಿತು.

"ಪರ್ಷಿಯಾದವರು ಏನು ಮಾಡಿದರು?" ಎಂದು ಮಗಳನ್ನು ಕೇಳಿದೆ.

ಅವಳು ಪುಟ ತಿರುವಿ ನೋಡಿದಳು. "ಅದು ಪಾಠದಲ್ಲಿ ಇಲ್ಲ ಅಮ್ಮ."