ಅಂಕೋರ್‌ವಾಟ್‌ನಲ್ಲಿ ಅತ್ತೆಯ ಸುತ್ತು

ಅತ್ತೆಯನ್ನು ಕಾಂಬೋಡಿಯಾಕ್ಕೆ ಕರೆದೊಯ್ಯುವ ಯೋಚನೆ ಸಿಡ್ನಿಯಲ್ಲಿರುವ ನನ್ನ ನಾದಿನಿಯದು. ಅವಳು ಮೊದಲು ಬುಕ್ ಮಾಡಿ ಆಮೇಲೆ ನಮ್ಮನ್ನು ಕೇಳುವ ಪೈಕಿ. "ವೈನಿ, ಜಗತ್ತಿನಾಗ ಎಲ್ಲಕ್ಕಿಂತ ದೊಡ್ಡ ವಿಷ್ಣುನ ಗುಡಿ ಅಂತ ಅದು. ಅವ್ವ ಒಂದು ಪ್ರದಕ್ಷಿಣಿ ಹಾಕಿದ್ರ ಮನಸ್ಸು ಹಗುರ ಆಗ್ತದ," ಎಂದು ಫೋನಿನಲ್ಲೇ ತೀರ್ಪು ಕೊಟ್ಟಳು. ಮೆಲ್ಬರ್ನಿನಲ್ಲಿ ದಿನಾ ಅತ್ತೆಯ ಜೊತೆ ಇರುವವಳು ನಾನು, ಪರಿಹಾರ ಹೇಳುವವಳು ಸಿಡ್ನಿಯವಳು. ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೆ ನನ್ನ ಹತ್ತಿರ ಬೇರೆ ಪರಿಹಾರವೇನೂ ಇರಲಿಲ್ಲ.

ಸಂಗತಿ ಇಷ್ಟು. ಹಿಂದಿನ ಚಳಿಗಾಲದಲ್ಲಿ ಮೆಲ್ಬರ್ನಿನ ಗ್ಲೆನ್ ವೇವರ್ಲಿ ಬಡಾವಣೆಯ ನಮ್ಮ ಮನೆಯಲ್ಲಿ ಮಾವ ತೀರಿಕೊಂಡರು. ದಹನಕ್ಕೆ ಮುಂಚೆ ಚಿತಾಗಾರದ ಸಣ್ಣದೊಂದು ಪ್ರಾರ್ಥನಾ ಕೋಣೆಯಲ್ಲಿ ಶವಪೆಟ್ಟಿಗೆ ಇಟ್ಟಿದ್ದರು. ಅತ್ತೆ ಮಾವನ ಬಾಯಿಗೆ ಅಕ್ಕಿಕಾಳು ಹಾಕಿದರು. ಆಮೇಲೆ ಅಪ್ರದಕ್ಷಿಣೆ ಬರಬೇಕು. ದೇವರನ್ನು ಬಲಗೈ ಕಡೆ ಇಟ್ಟುಕೊಂಡು ಸುತ್ತಿದರೆ, ಹೋದವರನ್ನು ಎಡಗೈ ಕಡೆ ಇಟ್ಟುಕೊಂಡು ಸುತ್ತಬೇಕು. ಆದರೆ ಪೆಟ್ಟಿಗೆಯ ಒಂದು ಪಕ್ಕ ಗೋಡೆಗೆ ತಾಗಿತ್ತು. ಅಲ್ಲಿನವರು ತುಂಬ ಸೌಜನ್ಯದವರು, ಹೊರಗೆ ಇನ್ನೊಂದು ಕುಟುಂಬ ಕಾಯುತ್ತಿದೆ ಎಂದು ಮೆತ್ತಗೆ ಹೇಳಿದರು. ಅತ್ತೆ ಗೋಡೆಯ ತನಕ ಹೋಗಿ ನಿಂತರು, ಪೆಟ್ಟಿಗೆಯ ಮುಂದಿನ ಪರದೆ ಮುಚ್ಚಿತು.

ಅಂದಿನಿಂದ ಬಟ್ಟೆ ಮಡಚುವಾಗ, ಕೊತ್ತಂಬರಿ ಸೋಸುವಾಗ, ಏನೂ ಸಂಬಂಧವಿಲ್ಲದ ಹೊತ್ತಿನಲ್ಲಿ, "ಒಂದು ಸುತ್ತು ಬರಲಿಕ್ಕೆ ಆಗಲಿಲ್ಲ ನೋಡು," ಎನ್ನುತ್ತಿದ್ದರು. ಧಾರವಾಡದ ಆಚಾರ್ಯರು ಫೋನಿನಲ್ಲಿ ದೋಷವೇನಿಲ್ಲ ಎಂದರು. ಅತ್ತೆಗೆ ದೋಷದ ಚಿಂತೆ ಇರಲೇ ಇಲ್ಲ. "ದೋಷ ಹಾಳಾಗಿ ಹೋಗ್ಲಿ, ಹೊಂಟ ಮನಶ್ಯಾನ್ನ ಸರಿಯಾಗಿ ಕಳಿಸಬ್ಯಾಡೇನು?" ಎಂದು ನನ್ನನ್ನೇ ಕೇಳುತ್ತಿದ್ದರು. ಈ ಮಾತು ಬಂದರೆ ನನ್ನ ಗಂಡ ಎದ್ದು ಹೊರಗೆ ಹೋಗಿ ಕಸದ ಬಿನ್ ರಸ್ತೆಗೆ ಇಟ್ಟು ಬರುತ್ತಿದ್ದರು, ಅಂದು ಕಸದ ಗಾಡಿ ಬರುವ ದಿನ ಅಲ್ಲದಿದ್ದರೂ.

ಗಂಡನಿಗೆ ರಜೆ ಸಿಗಲಿಲ್ಲ. ಹೋದವರು ಅತ್ತೆ, ನಾದಿನಿ, ನಾನು ಮತ್ತು ಹೈಸ್ಕೂಲಿನಲ್ಲಿರುವ ನನ್ನ ಮಗಳು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷ್.

ಕಾಂಬೋಡಿಯಾ ಮುಟ್ಟಿದ ಮರುದಿನ ಬೆಳಗ್ಗೆ ಅಲ್ಲಿನ ಆಟೋ, ಟುಕ್‌ಟುಕ್ ಹತ್ತಿದೆವು. ನಮ್ಮ ಗೈಡ್ ನಡುವಯಸ್ಸಿನ, ಅದೇ ನಾಡಿನ ಖ್ಮೇರ್ ಹೆಂಗಸು, ಸ್ವಚ್ಛ ಇಂಗ್ಲಿಷ್ ಮಾತಾಡುತ್ತಿದ್ದಳು. ಮೊದಲು ತೋರಿಸಿದ್ದು ಗೋಪುರದ ನಾಲ್ಕು ದಿಕ್ಕಿಗೂ ದೊಡ್ಡ ದೊಡ್ಡ ಮುಖಗಳಿರುವ ಗುಡಿ. ಅತ್ತೆ ಬ್ರಹ್ಮ ಎಂದರು. ಬುದ್ಧನೋ ರಾಜನೋ ಇರಬೇಕು ಎಂದಳು ಗೈಡ್. "ಯಾರರೆ ಆಗ್ಲಿ, ನಕ್ಕೋತ ನಿಂತಾನಲ್ಲ, ಸಾಕು," ಎಂದು ಅತ್ತೆ ಕೈ ಮುಗಿದರು. ಮರದ ಬೇರುಗಳು ಗೋಡೆಯನ್ನೇ ಅಪ್ಪಿ ಹಿಡಿದಿರುವ ಇನ್ನೊಂದು ಗುಡಿಯಲ್ಲಿ ಎಲ್ಲರೂ ಬೆರಗಾಗಿ ಫೋಟೋ ತೆಗೆಯುತ್ತಿದ್ದರೆ ಅತ್ತೆಗೆ ಎಲ್ಲಿಲ್ಲದ ಸಿಟ್ಟು. "ಗ್ವಾಡ್ಯಾಗ ಸಸಿ ಹುಟ್ಟಿದಾಗಽ ಕಿತ್ತು ಒಗೀಬೇಕಿತ್ತು. ಅಷ್ಟೂ ಮಂದಿ ಏನು ಮಾಡ್ಲಿಕ್ಕೆ ಹತ್ತಿದ್ರು?" ಎಂದರು. ನಮ್ಮ ಮನೆಯಲ್ಲಿ ಕಾರು ನಿಲ್ಲಿಸುವ ಕಾರ್‌ಪೋರ್ಟಿನ ಸಂದಿಯಲ್ಲಿ ಹುಲ್ಲೆಸಳು ಎದ್ದರೂ ಬಿಡದ ಹೆಂಗಸು ಅವರು. ನನಗೆ ನಗು ತಡೆಯಲಾಗಲಿಲ್ಲ.

ಬಿಸಿಲು ಇಳಿದ ಮೇಲೆ ಅಂಕೋರ್‌ವಾಟ್. ಕಲ್ಲು ಹಾಸಿದ ಉದ್ದನೆಯ ದಾರಿ ದಾಟಿ ಹೆಬ್ಬಾಗಿಲಿಗೆ ಬಂದರೆ ಒಳಗೆ ಕೇಸರಿ ಬಟ್ಟೆ ಉಟ್ಟ ವಿಷ್ಣು, ಮುಂದೆ ಊದಿನಕಡ್ಡಿಯ ಹೊಗೆ. "ಅಯ್ಯ, ಇಲ್ಲಿ ಬಂದು ನಿಂತೀಯೇನೋ ಯಪ್ಪಾ," ಎಂದು ಅತ್ತೆ ಕೆನ್ನೆ ಬಡಿದುಕೊಂಡರು. ನಾದಿನಿ ನನ್ನ ಕಡೆ ನೋಡಿದ ನೋಟದಲ್ಲಿ, ಹೇಗೆ ನನ್ನ ಬುಕಿಂಗ್, ಎಂಬ ಜಂಬವಿತ್ತು.

ಒಳಗಿನ ಗುಡಿಯ ಸುತ್ತ ಉದ್ದಕ್ಕೂ ಮೊಗಸಾಲೆ, ಗೋಡೆಯ ತುಂಬ ಕೆತ್ತನೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಎಡಕ್ಕೆ ಹೊರಟರು, ಗುಡಿ ಬಲಗೈಗೆ ಬರಬೇಕಲ್ಲ. ಗೈಡ್ ನಗುತ್ತ ಅಡ್ಡ ಬಂದು ಬಲಕ್ಕೆ ಕೈ ತೋರಿಸಿದಳು.

"ಇಲ್ಲವಾ, ದೇವರು ಬಲಕ್ಕಿರಬೇಕು," ಎಂದು ಅತ್ತೆ ಅವಳಿಗೆ ಕನ್ನಡದಲ್ಲೇ ತಿಳಿಸಿ ಹೇಳಿದರು.

ಗೈಡ್ ನಮಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಈ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಕೆತ್ತನೆಯ ಕಥೆಗಳೂ ಈ ದಿಕ್ಕಿನಲ್ಲೇ ಸಾಗುತ್ತವೆ. ಸತ್ತವರ ಕ್ರಿಯೆಯಲ್ಲಿ ಸುತ್ತುವುದು ಹೀಗೆ, ರಾಜ ತನ್ನ ಸಾವಿಗೆಂದೇ ಇದನ್ನು ಕಟ್ಟಿಸಿರಬೇಕು ಎಂದು ಬಲ್ಲವರು ಹೇಳುತ್ತಾರಂತೆ.

ನಾದಿನಿಯ ಮುಖ ಇಳಿದುಹೋಯಿತು. ಮಂಗಳಕ್ಕೆಂದು ಕರೆತಂದ ಜಾಗ ಹೀಗಾಗಬೇಕೆ! ಅಷ್ಟು ದೂರ ಬಂದು ಅಪಶಕುನ ಎಂದು ಅತ್ತೆ ಅಲ್ಲೇ ಕುಳಿತುಬಿಟ್ಟರೆ ಏನು ಗತಿ ಎಂದು ನನಗೂ ಚಿಂತೆಯಾಯಿತು. "ಅವ್ವಾ, ಆ ಕಡೆ ನೆರಳದ, ಅದಕ್ಕಽ ಹೇಳ್ತಾಳ," ಎಂದು ನಾದಿನಿ ಸುಳ್ಳು ಹೊಸೆಯತೊಡಗಿದಳು.

"ನೋ ಅತ್ತೆ, ಶಿ ಡಿಡ್ನಾಟ್ ಸೇ ದಟ್," ಎಂದು ಮಗಳು ತನ್ನ ಸೋದರತ್ತೆಯನ್ನು ತಡೆದಳು. ಅಜ್ಜಿಯ ಕಡೆ ತಿರುಗಿ, ಅಪರೂಪಕ್ಕೆ ಕನ್ನಡದಲ್ಲಿ, "ಅಜ್ಜಿ, ಇದು ಸತ್ತೋರಿಗೆ ರೌಂಡ್ ಹೋಗೋದು. ಆ್ಯಂಟಿ-ಕ್ಲಾಕ್‌ವೈಸ್," ಎಂದುಬಿಟ್ಟಳು.

ಅತ್ತೆ ಕೆತ್ತನೆಯ ಗೋಡೆಯನ್ನು ಅದರ ಕೊನೆಯ ತನಕ ನೋಡಿದರು.

"ನಡುವ ಎಲ್ಲರೆ ಗ್ವಾಡಿ ಅಡ್ಡ ಬರ್ತದೇನು, ಕೇಳು ಆಕಿಗೆ."

ಮಗಳು ಕೇಳಿದಳು. ಎಲ್ಲೂ ಇಲ್ಲ, ಪೂರ್ತಿ ಸುತ್ತಬಹುದು ಎಂದಳು ಗೈಡ್.

ಅತ್ತೆ ಬಲಕ್ಕೆ ತಿರುಗಿ ನಡೆದರು. ಗುಡಿ ಅವರ ಎಡಗೈಗೆ ಬಂತು. ನಾವು ಹಿಂದೆ ಹೋದೆವು. ಬಾಣಗಳ ಮೇಲೆ ಮಲಗಿದ ಭೀಷ್ಮನನ್ನು ಗುರುತು ಹಿಡಿದು ಮೊಮ್ಮಗಳಿಗೆ ತೋರಿಸಿದರು. ಕೋಣನ ಮೇಲೆ ಕುಳಿತ ಯಮನನ್ನು ಕಂಡು, "ಇವನ ಮಾರಿ ಏನು ನೋಡೋದದ," ಎಂದು ಮುಂದೆ ಸಾಗಿದರು. ದೇವತೆಗಳೂ ರಾಕ್ಷಸರೂ ಸಮುದ್ರ ಕಡೆಯುವ ಕೆತ್ತನೆಯ ಹತ್ತಿರ ಅತ್ತೆಗೆ ಮೊಣಕಾಲು ಹಿಡಿದುಕೊಂಡಿತು, ಕಟ್ಟೆಯ ಮೇಲೆ ಸ್ವಲ್ಪ ಕುಳಿತರು. ನಾನು ಕೈ ಕೊಟ್ಟರೆ ಬೇಡವೆಂದರು. ಹಿಂಭಾಗ ದಾಟಿದ ಮೇಲೆ ಪ್ರವಾಸಿಗರು ಯಾರೂ ಇರಲಿಲ್ಲ, ಅಲ್ಲಿ ಅತ್ತೆ ಮಾತಾಡತೊಡಗಿದರು. ನಮ್ಮ ಜೊತೆಯಲ್ಲ.

"ನಿಮ್ಮ ಸ್ವೆಟರ್ ಆ ಬಾಜೂ ಮನಿ ಮುದುಕಪ್ಪಗ ಕೊಟ್ಟೀನಿ, ಸಿಟ್ಟಾಗಬ್ಯಾಡ್ರಿ. ಮಗಾ ಚೆನ್ನಾಗಿ ನೋಡ್ಕೋತಾನ. ಸೊಸಿ ಬಾಯಿ ಜೋರು, ಆದ್ರ ಕೈ ಭಾಳ ಛೊಲೊ."

ನಾನು ನಡಿಗೆ ನಿಧಾನ ಮಾಡಿದೆ. ಕೇಳಿಸಿಕೊಳ್ಳುವುದು ಸರಿಯಲ್ಲ ಅನಿಸಿತು, ಕೇಳಬೇಕೆಂಬ ಆಸೆಯೂ ಇತ್ತು. ನಾದಿನಿ ಕಂಬದ ಮರೆಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಅವಳ ಬುಕಿಂಗ್ ಹುಚ್ಚನ್ನು ನಾನು ಮನಸಾರೆ ಕ್ಷಮಿಸಿದೆ.

ಹೊರಟ ಜಾಗಕ್ಕೆ ಬಂದಾಗ, ಇನ್ನೂ ಸುತ್ತು ಬರುತ್ತೀರಾ ಎಂದು ಕೇಳಿದೆ. "ಇಷ್ಟು ದೊಡ್ಡದು ಒಂದಽ ಸಾಕು. ಅವರಿಗೂ ನಡದು ನಡದು ಸಾಕಾಗಿರ್ತದ," ಎಂದರು ಅತ್ತೆ.

ವಾಪಸು ಕಲ್ಲುದಾರಿಗೆ ಇಳಿದೆವು. ಪಕ್ಕದ ಕೊಳದ ಹತ್ತಿರ ಜನ ಮುಗಿಬಿದ್ದು ಗುಡಿಯ ಫೋಟೋ ತೆಗೆಯುತ್ತಿದ್ದರು. ಸಂಜೆಯ ಬಿಸಿಲಿಗೆ ಗೋಪುರಗಳು ಹೊನ್ನಿನ ಬಣ್ಣಕ್ಕೆ ತಿರುಗಿದ್ದವು. ನಾನು ಫೋನ್ ಹಿಡಿದು ಕೂಗಿದೆ, "ಅತ್ತೀ, ಒಂದ್ಸಲ ಹಿಂದ ತಿರುಗಿ ನೋಡ್ರಿ, ಎಷ್ಟು ಚಂದ ಕಾಣಸ್ತದ!"

ಅತ್ತೆ ತಿರುಗಲಿಲ್ಲ. ನನಗೆ ಆಮೇಲೆ ಹೊಳೆಯಿತು. ಸ್ಮಶಾನದಿಂದ ಹೊರಟವರು ಹಿಂತಿರುಗಿ ನೋಡುವುದಿಲ್ಲ. ಫೋನನ್ನು ಚೀಲಕ್ಕೆ ಹಾಕಿ ನಾನೂ ಮುಂದಕ್ಕೆ ನಡೆದೆ. ಮಗಳು ಮಾತ್ರ ನಾನು ಕೂಗಿದ್ದು ಕೇಳಿ ತಿರುಗಲು ಹೊರಟಳು. ಅತ್ತೆ ಅವಳ ಹೆಗಲ ಮೇಲೆ ಕೈ ಹಾಕಿ ಮೆಲ್ಲಗೆ ಮುಂದಕ್ಕೆ ನಡೆಸಿದರು.

"ನಡಿ ಬಂಗಾರಾ," ಎಂದರು. "ಅಜ್ಜಾ ಹೋದ್ರು."