ದ್ರಾಕ್ಷಿ ಸಾಲಿನಲ್ಲಿ ಹತ್ತಿದ ನಿದ್ದೆ

“ಏಳಲೇ ಸೋಮಾರಿ! ಇರುವೆ ನಿನ್ ಮೈ ಹತ್ತಿ ಇಳ್ದು ಕೆಲಸಕ್ಕೆ ಹೋಯ್ತು, ನೀನ್ ಇನ್ನೂ ಗೊರಕೆ ಹೊಡೀತಿದೀಯ!”

ಕಣ್ಣುಬಿಟ್ಟರೆ ಎದುರಿಗೆ ಹೆಬ್ಬಾಳದ ದ್ರಾಕ್ಷಿ ತೋಟದ ಮೇಸ್ತ್ರಿ ಸಾಮುವೇಲಪ್ಪನವರು. ನಾನು ಕತ್ತರಿ ಹಿಡಿದುಕೊಂಡೇ ಬಳ್ಳಿಯ ಕೆಳಗೆ ನಿದ್ದೆಹೋಗಿದ್ದೆ. ಬಿಸಿಲೇರುವ ಮುಂಚೆ ಗೊಂಚಲು ಕೊಯ್ಯದಿದ್ದರೆ ಹಣ್ಣು ಪೇಟೆ ಸೇರುವಷ್ಟರಲ್ಲಿ ಬಾಡುತ್ತದೆ. ನನ್ನ ಸಾಲಿನಲ್ಲಿ ಇನ್ನೂ ಅರ್ಧ ಉಳಿದಿತ್ತು. ದುಡಿಯಲು ಒಲ್ಲದವನಿಗೆ ಊಟವೂ ಬೇಡವೆಂದು ಬೈಬಲ್ ಹೇಳುತ್ತದೆ ಎಂದು ಅವರು ದಿನವೂ ಕೆಲಸಕ್ಕೆ ಮೊದಲು ನಮಗೆ ಓದಿ ಹೇಳುತ್ತಿದ್ದರು. ಮಲಗಿದವರನ್ನು ಅಂದೇ ಕೆಲಸ ಬಿಡಿಸಿ ಮನೆಗೆ ಕಳಿಸುತ್ತಿದ್ದರು. ಆ ಕೂಲಿ ತಪ್ಪಿದರೆ ನನ್ನ ಬಿ.ಎ. ಓದು ಅಲ್ಲಿಗೇ ನಿಲ್ಲುತ್ತಿತ್ತು.

ಪಕ್ಕದ ಸಾಲಿನ ಮುನಿಯಮ್ಮ ಸುಮ್ಮನಿರಲಿಲ್ಲ. “ಅವ್ನು ಸೋಮಾರಿ ಅಲ್ಲ ಕಣಣ್ಣೋ. ಬೆಳಗಾನ ಓದಿ, ಅಂಗೇ ಅಮೃತಹಳ್ಳಿಯಿಂದ ನಡ್ಕೊಂಡ್ ಬಂದವ್ನೆ. ಇಲ್ಲಿಂದ ಕಾಲೇಜಿಗೆ ಓಡ್ಬೇಕು. ನಿನ್ ಪುಸ್ತಕದಾಗೆ ಇಂಥೋರಿಗೆ ಏನೂ ಬರ್ದಿಲ್ವಾ?”

ಮೇಸ್ತ್ರಿ ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡರು. ಕೆಲಸ ಹೋಯಿತು ಅಂದುಕೊಂಡೆ.

“ಬರ್ದೈತೆ ಕಣಮ್ಮ. ದುಡಿಯೋನ ನಿದ್ದೆ ಸಿಹಿ ಅಂತ ಬರ್ದೈತೆ. ಆ ಪುಟ ನಾನೇ ನಿಮಗೆ ಓದಿ ಹೇಳಿಲ್ಲ,” ಎಂದರು. ನನ್ನ ಕಡೆ ತಿರುಗಿ, “ಮಲಕ್ಕೋ ಹೋಗು, ಕೂಲಿ ಹಿಡಿಯಾಕಿಲ್ಲ” ಎಂದು, ಉಳಿದ ಸಾಲನ್ನು ತಾವೇ ಕೊಯ್ಯತೊಡಗಿದರು.

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ಈಗ ಪಾಠ ಹೇಳುವ ಮೇಷ್ಟ್ರಾಗಿದ್ದೇನೆ, ದಣಿವು ಮಾತ್ರ ಇನ್ನೂ ಬಿಟ್ಟಿಲ್ಲ. ಯಾರ ಹಂಗೂ ಇಲ್ಲದೆ ದುಡಿದು ಓದಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಹೇಳಿದಾಗಲೆಲ್ಲ, ನಾನು ಕೊಯ್ಯದ ಆ ಅರ್ಧ ಸಾಲು ಕಣ್ಣಿಗೆ ಕಟ್ಟುತ್ತದೆ.