ಎಲ್ಲಿಗೆ ಎಂದು ಕೇಳದವರು

ಕತ್ರಿಗುಪ್ಪೆಯಲ್ಲಿ ನಮ್ಮ ರಸ್ತೆಯ ತಿರುವಿನಲ್ಲಿದ್ದ ಟ್ಯಾಕ್ಸಿ ಸ್ಟ್ಯಾಂಡಿನ ಆ ಡ್ರೈವರು ಹೊರಟವರನ್ನು ಯಾವತ್ತೂ "ಎಲ್ಲಿಗೆ?" ಎಂದು ಕೇಳಿದವರಲ್ಲ. ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ಅವರ ನಂಬಿಕೆ. ನಮ್ಮ ಅಮ್ಮನದೂ ಅದೇ. ಹಿಂದಿನ ಬಾಗಿಲು ತೆಗೆದು, ಹೆಗಲ ಮೇಲಿನ ಟವೆಲ್ಲಿನಿಂದ ಸೀಟು ಕೊಡವಿ, "ದೂರಾನಾ ಅಮ್ಮಾ?" ಎನ್ನುತ್ತಿದ್ದರು. ಉಳಿದದ್ದನ್ನು ನಾವೇ ಹೇಳಬೇಕು.

ಆಪ್ ಗಾಡಿಗಳು ಬಂದ ಮೇಲೆ ಬಾಡಿಗೆ ಕಡಿಮೆಯಾದ ಸಿಟ್ಟು ಅವರಿಗೆ ಇದ್ದೇ ಇತ್ತು. ಆದರೆ ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು: "ಗಾಡಿ ಹತ್ತೋಕ್ ಮುಂಚೇನೇ ಫೋನ್ ಮಾಡಿ ಡ್ರಾಪ್ ಎಲ್ಲಿ ಅಂತಾರಲ್ಲ ಸಾರ್, ಮನೆ ಬಿಡೋರನ್ನ ಹಂಗ್ ಕೇಳ್ತಾರಾ ಯಾರಾದ್ರೂ?"

ಬರಬರುತ್ತಾ ಸ್ಟ್ಯಾಂಡ್ ಖಾಲಿಯಾಯಿತು. ಅವರೂ ಕಾಣದಾದರು.

ಕಳೆದ ವರ್ಷ ಅಮ್ಮನ ಹೃದಯದ ಆಪರೇಷನ್ನಿಗೆ ಹೊರಟ ಬೆಳಿಗ್ಗೆ ನಾನು ಆಪ್‌ನಲ್ಲೇ ಕ್ಯಾಬ್ ಕರೆದೆ. ಬಂದ ಗಾಡಿಯಿಂದ ಇಳಿದವರು ಅವರೇ. ನನ್ನನ್ನು ಕಂಡು ಮುಖ ಸಣ್ಣದು ಮಾಡಿಕೊಂಡರು.

"ಏನ್ ಮಾಡೋದು ಸಾರ್, ನಾನೂ ಸೇರ್ಕೊಂಡೆ. ಈಗ ಕೇಳೋದೇ ಬೇಡ, ಎಲ್ಲಾ ಫೋನೇ ಹೇಳ್ಬಿಡತ್ತೆ."

ಟವೆಲ್ಲಿನಿಂದ ಸೀಟು ಕೊಡವಿದರು. ಅಮ್ಮ ಹಿಂದೆ ಕೂತು ಸೆರಗು ಸರಿಮಾಡಿಕೊಂಡಳು. ನಾನು ಓಟಿಪಿ ಹೇಳಿದೆ, ಅವರು ಒತ್ತಿದರು. ಸ್ಟೀರಿಂಗ್ ಪಕ್ಕದ ಫೋನಿನಲ್ಲಿ ಆಸ್ಪತ್ರೆಯ ಹೆಸರು ದೊಡ್ಡದಾಗಿ ಮೂಡಿತು.

ಅವರು ಆ ಹೆಸರನ್ನು ಅಂಗೈಯಿಂದ ಮುಚ್ಚಿ ಹಿಂದಕ್ಕೆ ತಿರುಗಿದರು.

"ದೂರಾನಾ ಅಮ್ಮಾ?"

"ಇಲ್ಲೇ ಕಣಪ್ಪ," ಎಂದಳು ಅಮ್ಮ. "ಹೋಗಿ ಬಂದ್ಬಿಡ್ತೀನಿ."